ರೋಮದ ಬಿಡಿಕಾಸು

ನಮ್ಮ ಹಿರಿಯರ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ. 1957ರವರೆಗೆ ಈ ಲೆಕ್ಕವೇ ನಡೆದಿತ್ತು. ಎರಡು ಸಾವಿರ ವರ್ಷಗಳ ಹಿಂದೆ ರೋಮದ ಪೇಟೆಯಲ್ಲಿಯೂ ಇಂಥದೇ ಲೆಕ್ಕವಿದ್ದಿತೆಂಬುದು ವಿನೋದಕರವಾದ ಸಂಗತಿಯು. ಅಲ್ಲಿಯ ಬೆಳ್ಳಿಯ ದಿನಾರಿಯಕ್ಕೆ 16 ಆಸ್, ಆಸ್‌ಗೆ 4 ಕ್ವಾದ್ರಾನ್ಸ್. ಈ ಕ್ವಾದ್ರಾನ್ಸ್ ಎಂಬುದು ಹೆಬ್ಬೆರಳ ಉಗುರಿನಷ್ಟಗಲದ, ಸುಮಾರು 3 ಗ್ರಾಂ ತೂಕದ ತಾಮ್ರದ ಬಿಲ್ಲೆಯು. ಅದನ್ನು ಕೊಟ್ಟರೆ ಸಾರ್ವಜನಿಕ ಸ್ನಾನಗೃಹದೊಳಗೆ ಪ್ರವೇಶ ಸಿಗುತ್ತಿದ್ದಿತು. ಬಡ ವಿಧವೆಯು ದೇವಾಲಯದ ಬೊಕ್ಕಸದಲ್ಲಿ ಹಾಕಿದ ಎರಡು ಕಾಸುಗಳೂ ಕೂಡಿ ಒಂದು ಕ್ವಾದ್ರಾನ್ಸ್ ಆಗುತ್ತಿದ್ದವೆಂದು ಮಾರ್ಕನು ಬರೆದಿರುವನು. ತಾಮ್ರ, ಹಿತ್ತಾಳೆ, ಕಂಚು ಯಾವುದರಿಂದಾದರೂ ಇಂಥ ನಾಣ್ಯಗಳನ್ನೆಲ್ಲ ಕಂಚಿನವೆಂದೇ ಕರೆಯುವದು ರೂಢಿ.

ಎರಡನೆಯ ಶತಮಾನದ ತಾಲೆಮಿಯ ಭೂಗೋಳದಲ್ಲಿ ಬರುವ ‘ಬದಿಯಮಾಯೊಯ್’ ಎಂಬುದು ನಮ್ಮ ಬಾದಾಮಿಯೇ ಎಂದು ವಿದ್ವಾಂಸರು ಹೇಳುವರು. ನಮ್ಮ ನಾಡಿನ ಹೆಸರು ಅಷ್ಟು ದೂರ ಹೋಗಿರಲು, ಅವರ ನಾಣ್ಯವು ಇತ್ತ ಬಂದುದರಲ್ಲಿ ಆಶ್ಚರ್ಯವೇನು? ಆದರೆ ಬಂದುದು ಯಾವ ನಾಣ್ಯ? 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ದೊರೆತ 163 ನಾಣ್ಯಗಳೂ ಬೆಳ್ಳಿಯವು. ಹಾನಗಲ್ಲ ತಾಲೂಕಿನ ಅಕ್ಕಿಆಲೂರಿನಲ್ಲಿ ಸಿಕ್ಕವು ಬಂಗಾರದವು. ಬಿಡಿಕಾಸುಗಳು ಹಿಂದುಳಿದುದೇಕೆ?

ಇಳಕಲ್ಲಿನ ಪೇಟೆಗೆ ದೂರದೇಶದವನೊಬ್ಬನು ಅಪರಿಚಿತ ಅರಸನ ಮುಖವುಳ್ಳ ತಾಮ್ರದ ಬಿಲ್ಲೆಯನ್ನು ತಂದರೆ ಸೀರೆಯ ವ್ಯಾಪಾರಿಯು ಅದನ್ನು ಮುಟ್ಟಲಾರನು. ಅವನೇ ಬೆಳ್ಳಿಯನ್ನು ತಂದರೆ ಅಕ್ಕಸಾಲಿಯು ತೂಗಿ ಬೆಲೆ ಹೇಳುವನು. ಬೆಳ್ಳಿಗೆ ತನ್ನ ತೂಕವೇ ಸಾಕ್ಷಿ. ಕಂಚಿಗೆ ಸರಕಾರದ ಮಾತೇ ಸಾಕ್ಷಿ. ರೋಮದ ಅನೇಕ ಕಂಚಿನ ನಾಣ್ಯಗಳ ಮೇಲೆ ‘ಎಸ್ ಸಿ’ ಎಂಬೆರಡು ಅಕ್ಷರಗಳಿರುವವು. ಹಿರಿಯರ ಸಭೆಯ ಅಪ್ಪಣೆಯಿಂದ ಎಂಬುದು ಅವುಗಳ ಅರ್ಥವು. ಆ ಅಪ್ಪಣೆಯು ಸಮುದ್ರ ದಾಟಿ ನಡೆಯುವದೆಂತು? ಹಿಂದುಸ್ಥಾನವು ವರ್ಷಂಪ್ರತಿ ಐದು ಕೋಟಿ ಸೆಸ್ಟರ್ಸ್‌ಗೆ ಕಡಮೆಯಿಲ್ಲದಷ್ಟು ಹಣವನ್ನು ಸೆಳೆಯುವದೆಂದು ಪ್ಲಿನಿಯು ಗೊಣಗಿದನು. ಸೆಸ್ಟರ್ಸ್ ಹಿತ್ತಾಳೆಯ ನಾಣ್ಯವಾದರೂ ಅದು ಲೆಕ್ಕಕ್ಕೆ ಮಾತ್ರ. ಹಡಗನ್ನೇರಿದ್ದು ಬೆಳ್ಳಿ ಬಂಗಾರ. ಇಲ್ಲಿಯ ಚಿಲ್ಲರೆಗೆ ಶಾತವಾಹನರ ಕಾಲದ ಸೀಸದ ನಾಣ್ಯಗಳಿದ್ದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅವೂ ರೋಮದ ಬೆಳ್ಳಿಯೂ ದೊರೆತಿವೆ.

ಮುಂದೆ ಕಾಲವು ತಿರುಗಿತು. ನಾಲ್ಕು ಐದನೆಯ ಶತಮಾನಗಳ ಅತಿ ಚಿಕ್ಕ ಕಂಚಿನ ಕಾಸುಗಳು ತಮಿಳುನಾಡಿನ ಕರೂರು, ಮದುರೆಗಳಲ್ಲಿಯೂ ಲಂಕೆಯಲ್ಲಿಯೂ ಹೇರಳವಾಗಿ ಸಿಕ್ಕಿವೆ. ಲಂಕೆಯಲ್ಲಂತೂ ಅವುಗಳನ್ನು ಅನುಕರಿಸಿ ಅಲ್ಲಿಯೇ ಅಚ್ಚುಹಾಕಿದರು.

ಹುನಗುಂದ, ಬಾಗಲಕೋಟೆಗಳ ಹೊಲಗಳಲ್ಲಿ ಮಳೆಯಾದ ಮೇಲೆ ಹಸಿರುಗಟ್ಟಿದ ಬಿಲ್ಲೆಯೇನಾದರೂ ಕಂಡರೆ ಹುಣಸೆಹಣ್ಣು ಹಚ್ಚಿ ತಿಕ್ಕಬಾರದು. ಆ ಕಿಲುಬಿನೊಡನೆ ಅಕ್ಷರಗಳೂ ಹೋಗುವವು. ಕಂಚುಗಾರನ ಮೂಸೆಗಂತೂ ಹಾಕಲೇಬಾರದು. ಸಿಕ್ಕ ಸ್ಥಳವನ್ನು ಬರೆದಿಡಬೇಕು. ನಿಧಿಯ ಬೆಲೆಯು ಹತ್ತು ರೂಪಾಯಿ ಮೀರಿದರೆ ಜಿಲ್ಲೆಯ ಕಲೆಕ್ಟರರಿಗೆ ಬರೆದು ತಿಳಿಸಬೇಕೆಂದು 1878ರ ನಿಧಿ ಕಾಯಿದೆಯು ವಿಧಿಸಿದ್ದಿತು.