ಪುಕ್ಕಟೆ ರಿಪೇರಿಗೆ ₹68,000

“ಮಾಮಾ, ಗಾಡಿ ಮತ್ತ ನಿಂತದ ನೋಡ್ರಿ. ಮುಳ್ಳು ಕೆಂಪಿಗಿ ಹೋಗ್ಯದ.”

ಜನವರಿಯ ಒಂದು ಮುಂಜಾನೆ ಕಟ್ಟಿಸಂಗಾವಿ ಸೇತುವೆಯ ಮೇಲಿಂದ ಅಳಿಯ ಫೋನ್ ಮಾಡಿದ್ದ. ಕೆಳಗೆ ಭೀಮಾ ನದಿ, ಗಾಡಿಯಲ್ಲಿ ಜೇವರ್ಗಿಯಿಂದ ತುಂಬಿಕೊಂಡು ಹೊರಟ ತೊಗರಿ ಚೀಲ. ಕಲಬುರಗಿ ಮಾರುಕಟ್ಟೆಯಲ್ಲಿ ವ್ಯಾಪಾರಿ ಕಾಯುತ್ತಿದ್ದಾನೆ. ಗಾಡಿ ಕೊಂಡು ಒಂಬತ್ತು ತಿಂಗಳು, ಓಡಿದ್ದು 19,600 ಕಿ.ಮೀ. ಇಂಜಿನ್ ಕಾದು ನಿಂತದ್ದು ಅದು ಮೂರನೇ ಸಲ.

ಮೊದಲ ಸಲ ಆಗಸ್ಟಿನಲ್ಲಿ, ಆಳಂದ ರಸ್ತೆಯ ಕಡಗಂಚಿ ಹತ್ತಿರ. ಎರಡನೇ ಸಲ ಅಕ್ಟೋಬರಿನಲ್ಲಿ, ಅಫಜಲಪುರಕ್ಕೆ ಹೋಗುವಾಗ ಚೌಡಾಪುರದಲ್ಲಿ. ಗಾಣಗಾಪುರಕ್ಕೆ ಹೊರಟ ಭಕ್ತರು ಇಳಿದು ಬಂದು, “ದತ್ತನ ಕಡೆ ಒಂದ್ಸಲ ಹೋಗಿ ಬರ್ರಿ” ಅಂದರಂತೆ. ಮೂರು ತಾಲ್ಲೂಕಿನಲ್ಲೂ ಸರದಿ ಪ್ರಕಾರ ನಿಂತ ಗಾಡಿ ನಮ್ಮದು.

ಅದು ಡೀಸೆಲ್ಲಿನ ಸಣ್ಣ ಸರಕು ಗಾಡಿ. ಕೈಸೇರುವಷ್ಟರಲ್ಲಿ ₹8,60,000 ಆಗಿತ್ತು. ಅದರಲ್ಲಿ ₹7 ಲಕ್ಷ ಸಾಲ, ಹತ್ತೂವರೆ ಪರ್ಸೆಂಟ್ ಬಡ್ಡಿ, ಐದು ವರ್ಷ, ತಿಂಗಳಿಗೆ ₹15,046 ಕಂತು. ನನ್ನದು ಸಂಬಳದ ನೌಕರಿ. ಅಕ್ಕನ ಮಗನಿಗೆ ಒಂದು ದುಡಿಮೆ ಆಗಲಿ ಅಂತ ಸಾಲವನ್ನೂ ಆರ್‌ಸಿಯನ್ನೂ ನನ್ನ ಹೆಸರಿನಲ್ಲೇ ಮಾಡಿಸಿದೆ. ಓಡಿಸುವವನು ಅವನು, ಗಳಿಕೆಯಲ್ಲಿ ಕಂತು ಕಳೆದು ಉಳಿದದ್ದು ಇಬ್ಬರಿಗೂ. ಆರ್‌ಸಿಯ ಈ ವಿಷಯ ನೆನಪಿರಲಿ, ಮುಂದೆ ನನ್ನ ಕೈ ಕಟ್ಟಿದ್ದು ಅದೇ.

ಪೂಜೆಯ ದಿನ ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟು ಗಾಡಿ ಹೊರಡಿಸಿದ್ದೆವು. ಪಕ್ಕದ ಇಂಡಿಯ ನಿಂಬೆ, ಒಳ್ಳೆ ರಸದ್ದು. ಅಮೆರಿಕದವರು ಪದೇಪದೇ ಕೆಡುವ ಹೊಸ ಗಾಡಿಯನ್ನೇ ‘ನಿಂಬೆಹಣ್ಣು’ ಅನ್ನುತ್ತಾರೆಂದು ತಿಳಿದದ್ದು ಆಮೇಲೆ. ಅಲ್ಲಿ ಕನೆಕ್ಟಿಕಟ್ ರಾಜ್ಯ 1982ರಲ್ಲೇ ನಿಂಬೆಹಣ್ಣಿನ ಕಾನೂನು ಮಾಡಿತು: ಒಂದೇ ದೋಷ ಇಷ್ಟು ಸಲ ರಿಪೇರಿಯಾದರೂ ಹೋಗದಿದ್ದರೆ ಗಾಡಿ ಬದಲಿಸಬೇಕು, ಇಲ್ಲವೇ ಹಣ ವಾಪಸ್ ಕೊಡಬೇಕು. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನಿಲ್ಲ. ಇರುವುದು ವಾರಂಟಿ ಪುಸ್ತಕ ಮತ್ತು ಗ್ರಾಹಕರ ಕಾಯ್ದೆ.

ಮೊದಲ ಸಲ ಸರ್ವಿಸ್ ಸೆಂಟರಿನವರು ಒಂದು ಹೋಸ್ ಪೈಪು ಬದಲಿಸಿ, ಕೂಲಂಟ್ ತುಂಬಿ, ಆರು ದಿನಕ್ಕೆ ಗಾಡಿ ಕೊಟ್ಟರು. ಎರಡನೇ ಸಲ ಹೆಡ್ ಗ್ಯಾಸ್ಕೆಟ್ ಹೋಗಿತ್ತು, ಹನ್ನೊಂದು ದಿನ. ಎರಡೂ ಸಲ ಬಿಡಿಭಾಗಕ್ಕೆ ದುಡ್ಡು ಕೇಳಲಿಲ್ಲ. ನಾನೂ ಖುಷಿಯಿಂದ ಸಹಿ ಹಾಕಿ ಬಂದೆ. ಮೂರನೇ ಸಲ ಮನೆಗೆ ಬಂದು ಹಳೆಯ ಜಾಬ್ ಕಾರ್ಡ್ ತೆಗೆದು ಓದಿದರೆ ಮೊದಲನೆಯದರಲ್ಲಿ ‘ಜನರಲ್ ಚೆಕಪ್’ ಅಂತಿದೆ. ಇಂಜಿನ್ ಕಾಯ್ದ ಸುದ್ದಿಯೇ ಇಲ್ಲ! ಎರಡನೆಯದರಲ್ಲಿ ‘ಗ್ರಾಹಕರು ಸಾದಾ ನೀರು ಹಾಕಿದ್ದಾರೆ’ ಅಂತ ಸಣ್ಣಕ್ಷರದಲ್ಲಿ ಒಂದು ಸಾಲು. ಹಾಕಿದ್ದು ನಿಜ. ಚೌಡಾಪುರದಲ್ಲಿ ದಾರಿ ಮಧ್ಯೆ ಕೂಲಂಟ್ ಎಲ್ಲಿ ಸಿಗಬೇಕು, ಹೋಟೆಲಿನ ಕೊಡದ ನೀರೇ ಗತಿ. ಆದರೆ ಕಾಗದದ ಪ್ರಕಾರ ದೋಷ ಶುರುವಾದದ್ದೇ ಆ ಕೊಡದಿಂದ.

ನಿಜವಾದ ದೋಷ ಹಿಡಿದದ್ದು ಅಫಜಲಪುರದ ಒಬ್ಬ ಹಳೆ ಮಿಸ್ತ್ರಿ, ಅದೂ ಸ್ಪ್ಯಾನರ್ ಮುಟ್ಟದೆ. ಎರಡನೇ ರಿಪೇರಿ ಆದ ಮೇಲೂ ಕೂಲಂಟ್ ಇಳಿಯುತ್ತಿತ್ತು. ಗಾಡಿಯ ಕೆಳಗೆ ಹನಿ ಬಿದ್ದ ಗುರುತಿಲ್ಲ. “ಹೊರಗ ಸೋರಿಲ್ಲಂದ್ರ ಒಳಗ ಕುಡಿಲಾಕತ್ತದ ರೀ. ಮುಂಜಾನಿ ಚಾಲೂ ಮಾಡಿದಾಗ ಬಿಳಿ ಹೊಗಿ ಬರ್ತದೇನು ನೋಡ್ರಿ” ಅಂದ. ಬರುತ್ತಿತ್ತು. “ನಾ ಬಿಚ್ಚಂಗಿಲ್ಲ, ಬಿಚ್ಚಿದ್ರ ನಿಮ್ಮ ವಾರಂಟಿ ಹೋಗ್ತದ. ದಿನಾ ಎಷ್ಟು ಇಳೀತದ ಬರದಿಡ್ರಿ.” ಅವನು ಕಾಸು ತೆಗೆದುಕೊಳ್ಳಲಿಲ್ಲ. ಈ ವ್ಯವಹಾರದಲ್ಲಿ ನನಗೆ ಸಿಕ್ಕ ಅತಿ ಬೆಲೆಬಾಳುವ ಸಲಹೆ ಅದೇ.

ಅಳಿಯ ಇಪ್ಪತ್ತು ರೂಪಾಯಿಯ ನೋಟ್‌ಬುಕ್ ತಂದ. ದಿನಾ ಮುಂಜಾನೆ ಇಂಜಿನ್ ತಣ್ಣಗಿದ್ದಾಗ ಕೂಲಂಟ್ ಡಬ್ಬಿಯ ಗೆರೆ ನೋಡಿ ತಾರೀಖು, ಕಿಲೋಮೀಟರ್, ಎಷ್ಟು ಹಾಕಿದೆ ಅಂತ ಬರೆದ, ಜೊತೆಗೊಂದು ಫೋಟೋ. ಸೇತುವೆಯ ಮೇಲೆ ಗಾಡಿ ನಿಲ್ಲುವ ಹೊತ್ತಿಗೆ ಏಳು ಪುಟ ತುಂಬಿದ್ದವು.

ಮೂರನೇ ಸಲ ಸಹಿ ಹಾಕುವ ಮೊದಲು ಜಾಬ್ ಕಾರ್ಡಿನಲ್ಲಿ ನನ್ನ ಮಾತಿನಲ್ಲೇ ಬರೆಸಿದೆ: ‘ಅದೇ ದೂರು, ಮೂರನೇ ಸಲ. ಇಂಜಿನ್ ಕಾಯುತ್ತದೆ, ಕೂಲಂಟ್ ಒಳಗೇ ಕಡಿಮೆಯಾಗುತ್ತದೆ.’ ಸೂಪರ್‌ವೈಸರ್ ಮೊದಲು ಓವರ್‌ಲೋಡ್ ಅಂದ, ಆಮೇಲೆ ಧೂಳು ಅಂದ. ನೋಟ್‌ಬುಕ್ಕಿನ ಜೆರಾಕ್ಸ್ ಲಗತ್ತಿಸಿ ಡೀಲರಿಗೂ ಕಂಪನಿಗೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ ಹಾಕಿದೆ. ಹತ್ತು ದಿನಕ್ಕೆ ಕಂಪನಿಯ ಎಂಜಿನಿಯರ್ ಬಂದ. ಸಿಕ್ಕದ್ದು ಇ.ಜಿ.ಆರ್. ಕೂಲರಿನ ಬಿರುಕು. ಇಂಜಿನ್ ಬಿಡುವ ಬಿಸಿ ಹೊಗೆಯ ಒಂದು ಪಾಲನ್ನು ಕೂಲಂಟಿನಿಂದ ತಣಿಸಿ ಮತ್ತೆ ಇಂಜಿನ್ನಿಗೇ ಕಳಿಸುವ ಸಾಧನ ಅದು. ಬಿರುಕು ಬಿಟ್ಟರೆ ಕೂಲಂಟ್ ಹೊಗೆಯ ಜೊತೆ ಒಳಗೆ ಹೋಗಿ ಸುಟ್ಟುಹೋಗುತ್ತದೆ. ಕೂಲಂಟ್ ಇಲ್ಲದೆ ಕಾಯ್ದು ಕಾಯ್ದು ಹೆಡ್ ಕೂಡ ಸೊಟ್ಟಗಾಗಿತ್ತು. ಎರಡನ್ನೂ ಬದಲಿಸಿದರು. ಇಪ್ಪತ್ಮೂರು ದಿನ, ಅದೂ ತೊಗರಿ ಸುಗ್ಗಿಯ ದಿನಗಳು.

ಈಗ ಲೆಕ್ಕಕ್ಕೆ ಬರೋಣ. ಒಟ್ಟು 40 ದಿನ ಗಾಡಿ ನಿಂತಿತು. ಡೀಸೆಲ್ ಕಳೆದು ದಿನಕ್ಕೆ ಸರಾಸರಿ ₹1,200 ಉಳಿಯುತ್ತಿತ್ತು, ಅಲ್ಲಿಗೆ ₹48,000. ಮೂರು ಸಲ ಎಳೆಸಿಕೊಂಡು ಕಲಬುರಗಿಗೆ ಒಯ್ದದ್ದಕ್ಕೆ ₹9,000. ನಡುದಾರಿಯ ಲೋಡನ್ನು ಬೇರೆ ಗಾಡಿಯಲ್ಲಿ ಮುಟ್ಟಿಸಲು ₹4,200. ‘ಪುಕ್ಕಟೆ’ ರಿಪೇರಿಯಲ್ಲೂ ಆಯಿಲ್, ಕೂಲಂಟ್ ಅಂತ ಬಿಲ್ ಮಾಡಿದ್ದು ₹6,800. ಕೂಡಿಸಿದರೆ ₹68,000. ನಿಂತ ದಿನಗಳ ಕಂತು, ಸುಮಾರು ₹20,000, ಇದರಲ್ಲಿ ಬೇರೆ ಸೇರಿಸಿಲ್ಲ. ಕಂತು ಹೋಗುವುದು ಗಳಿಕೆಯೊಳಗಿಂದಲೇ, ಎರಡನ್ನೂ ಬರೆದರೆ ಒಂದೇ ನಷ್ಟವನ್ನು ಎರಡು ಸಲ ಎಣಿಸಿದಂತೆ. ನೋಟಿಸಿನಲ್ಲಿ ಹಾಗೆ ಉಬ್ಬಿಸಿ ಬರೆದರೆ ಎದುರಿನ ವಕೀಲ ಮೊದಲು ಹಿಡಿಯುವುದೂ ಅದನ್ನೇ.

“ಗಾಡಿ ನಿಂತದ, ಕಂತು ಯಾಕ ಕಟ್ಟಬೇಕು?” ಅಂತ ಅಳಿಯ ಕೇಳಿದ್ದ. ಕಟ್ಟಲೇಬೇಕು. ಸಾಲ ಕೊಟ್ಟವನಿಗೂ ಇಂಜಿನ್ನಿಗೂ ಸಂಬಂಧವಿಲ್ಲ. ತಪ್ಪಿಸಿದರೆ ದಂಡ, ಸಿಬಿಲ್ ಎರಡೂ ನಮ್ಮ ತಲೆಗೆ. ವಿಮೆಯನ್ನೂ ನೆಚ್ಚಬೇಡಿ. ಮಾಮೂಲಿ ವಾಹನ ವಿಮೆ ಅಪಘಾತಕ್ಕೆ, ಯಂತ್ರ ತಾನಾಗಿ ಕೆಟ್ಟದ್ದಕ್ಕಲ್ಲ.

ಹೊಸ ಗಾಡಿಯನ್ನೇ ಕೇಳಬಹುದಿತ್ತಲ್ಲ ಅನ್ನುವವರಿದ್ದಾರೆ. ಕಷ್ಟ. ಕಾರೊಂದರ ಕ್ಲಚ್ ದೋಷದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ವಾರಂಟಿಯ ಹೊಣೆ ಕೆಟ್ಟ ಬಿಡಿಭಾಗ ಬದಲಿಸುವಷ್ಟಕ್ಕೇ ಅಂತ ಹೇಳಿ, ಕಾರು ಬದಲಿಸುವ ಆದೇಶ ತೆಗೆದು ₹50,000 ಪರಿಹಾರ ಕೊಡಿಸಿತು. ಆದರೆ ನಿಂತ ದಿನಗಳಿಗೆ ಪರಿಹಾರ ಕೇಳುವ ಬಾಗಿಲು ತೆರೆದೇ ಇದೆ. ₹50 ಲಕ್ಷದವರೆಗೆ ಕೊಟ್ಟು ಕೊಂಡ ವಸ್ತುವಿನ ದೂರು ಜಿಲ್ಲಾ ಗ್ರಾಹಕರ ಆಯೋಗಕ್ಕೆ. 2019ರ ಕಾಯ್ದೆ ಬಂದ ಮೇಲೆ ಕಂಪನಿ ಎಲ್ಲೇ ಇರಲಿ, ನಾವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಕಲಬುರಗಿಯಲ್ಲೇ ಹಾಕಬಹುದು. ₹5 ಲಕ್ಷದವರೆಗಿನ ವಸ್ತುವಿಗೆ ಶುಲ್ಕ ಇಲ್ಲ, ₹10 ಲಕ್ಷದವರೆಗೆ ₹200. ಎರಡು ವರ್ಷದೊಳಗೆ ಹಾಕಬೇಕು. ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸುವುದಕ್ಕೆ ದುಡ್ಡೇ ಬೇಕಿಲ್ಲ.

ಇಷ್ಟೆಲ್ಲ ಓದಿಕೊಂಡು ವಕೀಲರ ಹತ್ತಿರ ಹೋದೆ. ಅವರು ಜಾಬ್ ಕಾರ್ಡ್ ನೋಡುವ ಮೊದಲೇ, “ಆರ್‌ಸಿ ಯಾರ ಹೆಸರಿಲೆ ಅದ? ಓಡಸಾವ್ರು ಯಾರು?” ಅಂದರು. ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು.

ವ್ಯಾಪಾರದ ಉದ್ದೇಶಕ್ಕೆ ಕೊಂಡವನು ಕಾಯ್ದೆಯ ಕಣ್ಣಿಗೆ ಗ್ರಾಹಕನಲ್ಲ. ತಾನೇ ದುಡಿದು ಹೊಟ್ಟೆ ಹೊರೆಯಲು ಕೊಂಡವನು ಗ್ರಾಹಕ. 1995ರಲ್ಲೇ ಸುಪ್ರೀಂ ಕೋರ್ಟ್ ಲಾರಿ, ಆಟೊಗಳ ಉದಾಹರಣೆ ಕೊಟ್ಟು ಇದನ್ನು ಬಿಡಿಸಿ ಹೇಳಿದೆ: ಕೊಂಡವನೇ ಓಡಿಸಿದರೆ ಗ್ರಾಹಕ, ಒಬ್ಬಿಬ್ಬರ ನೆರವು ತೆಗೆದುಕೊಂಡರೂ ಸರಿ, ಪೂರ್ತಿ ಬೇರೆಯವರಿಂದಲೇ ಓಡಿಸಿದರೆ ಅಲ್ಲ. ನನಗೆ ಸಂಬಳ ಇದೆ, ಗಾಡಿ ನನ್ನದು, ಓಡಿಸುವವನು ಅಳಿಯ. ಗಾಡಿ ಅವನ ಹೆಸರಿನಲ್ಲಿದ್ದು ನಾನು ಸಾಲಕ್ಕೆ ಜಾಮೀನು ನಿಂತಿದ್ದರೆ ಇದೇ ದೂರು ಗಟ್ಟಿಯಾಗುತ್ತಿತ್ತು. ಹಾಗೆ ಮಾಡಬಹುದಿತ್ತು. ಹುಡುಗ ನಾಳೆ ಗಾಡಿ ಮಾರಿಬಿಟ್ಟರೆ ಎಂಬ ಸಣ್ಣ ಅನುಮಾನ ನನ್ನದಿತ್ತು, ಮುಚ್ಚಿಡುವುದೇಕೆ?

ಕೇಸು ಹಾಕಲಿಲ್ಲ. ಪತ್ರದ ಬಲದಿಂದ ಇಂಜಿನ್ ವಾರಂಟಿ ಒಂದು ವರ್ಷ ಮುಂದಕ್ಕೆ ಹೋಯಿತು, ಲಿಖಿತವಾಗಿ. ₹68,000 ಹೋದದ್ದು ಹೋಯಿತು. ಆರ್‌ಸಿಯನ್ನು ಅಳಿಯನ ಹೆಸರಿಗೆ ಮಾಡಿಸಲು ಸಾಲ ಕೊಟ್ಟವರ ಒಪ್ಪಿಗೆಪತ್ರ ಕೇಳಿದ್ದೇನೆ, ಇನ್ನೂ ಬಂದಿಲ್ಲ. ಕಂತು 41 ಬಾಕಿ ಇವೆ. ನೋಟ್‌ಬುಕ್ ಎರಡನೆಯದು ನಡೆದಿದೆ.