ಸ್ತ್ರೀಯರ ದೂರೂ ಜಾಲತಾಣವೂ

ಬೀದಿಯಲ್ಲಿ ಅವಮಾನಪಟ್ಟ ಹೆಣ್ಣು ಆ ಸಂಗತಿಯನ್ನು ಮನೆಯಲ್ಲಿ ಹೇಳದೆ ನುಂಗಿಕೊಳ್ಳುವುದು ನಮ್ಮಲ್ಲಿ ಬಹುಕಾಲದ ರೂಢಿ. ಹೇಳಿದರೆ ನಾಳೆಯಿಂದ ಶಾಲೆ ಬಿಡಿಸುವರೆಂಬ ಭಯವೊಂದು. ತನ್ನದೇ ಏನೋ ತಪ್ಪಿರಬೇಕೆಂಬ ಸಂಶಯ ಇನ್ನೊಂದು. ಈ ಎರಡನೆಯದೇ ಹೆಚ್ಚು ಕೆಟ್ಟದ್ದು. ಒಬ್ಬಳೇ ಇರುವಾಗ ಅದು ಬೆಳೆಯುವುದು. ಅದೇ ಅನುಭವವುಳ್ಳ ಹತ್ತು ಮಂದಿ ಕೂಡಿದಲ್ಲಿ ಕರಗುವುದು. ಹೀಗೆ ಕೂಡುವುದಕ್ಕೆ ಒಂದು ಜಗಲಿಯನ್ನು ಒದಗಿಸಿದುದೇ ಸಾಮಾಜಿಕ ಜಾಲತಾಣಗಳು ಸ್ತ್ರೀಯರಿಗೆ ಮಾಡಿದ ಉಪಕಾರವೆಂದು ನಾವು ಎಣಿಸುತ್ತೇವೆ.

ಈ ಕೆಲಸದ ಒಂದು ಮೊದಲ ಪಾಠವು ಬೆಂಗಳೂರಿನಲ್ಲಿಯೇ ನಡೆಯಿತೆಂಬುದನ್ನು ಬಹಳ ಮಂದಿ ಅರಿಯರು. 2003ರಲ್ಲಿ, ಫೇಸ್‌ಬುಕ್ಕಾಗಲಿ ಟ್ವಿಟರಾಗಲಿ ಇನ್ನೂ ಹುಟ್ಟದಿದ್ದಾಗ, ಇಲ್ಲಿಯ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿನಿಯಾಗಿದ್ದ ಜಸ್ಮೀನ್ ಪಥೇಜ ಎಂಬವರು ‘ಬ್ಲ್ಯಾಂಕ್ ನಾಯ್ಸ್’ ಎಂಬ ಕಾರ್ಯವನ್ನಾರಂಭಿಸಿದರು. 2006ರ ಮಾರ್ಚಿ ತಿಂಗಳಲ್ಲಿ ಅವರ ಕರೆಯಂತೆ ಅನೇಕ ಸ್ತ್ರೀಯರು ತಂತಮ್ಮ ಬ್ಲಾಗುಗಳಲ್ಲಿ ಬೀದಿಯ ಕಿರುಕುಳವನ್ನು ಕುರಿತು ಬರೆದರು. ಕಿರುಕುಳವಾದ ದಿನ ತೊಟ್ಟಿದ್ದ ಉಡುಪನ್ನೇ ಕೊಡಿರೆಂದು ಸ್ತ್ರೀಯರನ್ನು ಕೇಳಿ, ಅವುಗಳನ್ನು ಸಾಕ್ಷಿಯಾಗಿ ಕೂಡಿಸಿದುದು ಇವರ ಇನ್ನೊಂದು ಉಪಾಯ. ಉಡುಪೇ ಅಪರಾಧಕ್ಕೆ ಕಾರಣವೆನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರವನ್ನು ನಾವು ಕಾಣೆವು. ‘ಈವ್ ಟೀಸಿಂಗ್’ ಎಂಬ ಹಗುರವಾದ ಹೆಸರನ್ನು ಬಿಡಬೇಕೆಂದೂ ಇವರು ವಾದಿಸಿದರು. ನಮ್ಮ ‘ಚುಡಾಯಿಸುವುದು’ ಎಂಬ ಮಾತೂ ಅಂಥದೇ. ಮಾಡಿದವನಿಗೆ ಅದು ಆಟ, ಪಟ್ಟವಳಿಗೆ ಆಟವಲ್ಲ.

2016ರ ಡಿಸೆಂಬರ್ 31ರ ರಾತ್ರಿ ಮಹಾತ್ಮಾ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ನಡೆದ ಅನಾಚಾರವನ್ನು ವಾಚಕರು ಮರೆತಿರಲಾರರು. ‘ನಾನು ಹೊರಗೆ ಹೋಗುವೆನು’ ಎಂಬ ಅರ್ಥದ ಘೋಷಣೆಯು ಜಾಲತಾಣಗಳಲ್ಲಿ ಹಬ್ಬಿ, 2017ರ ಜನವರಿ 21ರಂದು ಬೆಂಗಳೂರೂ ಸೇರಿ ದೇಶದ ಹಲವು ನಗರಗಳಲ್ಲಿ ಸ್ತ್ರೀಯರು ಮೆರವಣಿಗೆ ಹೊರಟರು. ಜಗಲಿಯ ಮಾತು ಬೀದಿಗಿಳಿಯಿತು.

ಆದರೆ ಆ ಜಗಲಿಯನ್ನು ಹತ್ತದವರೂ ಉಂಟು. ಪೀಣ್ಯದಲ್ಲಿಯೂ ಬೊಮ್ಮನಹಳ್ಳಿಯಲ್ಲಿಯೂ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರಿಗೆ ದಿನದ ಲೆಕ್ಕ ಹೊಲಿದು ಮುಗಿಸಿ ಮನೆ ಸೇರುವುದೇ ಒಂದು ಸಾಹಸ. ಭವಿಷ್ಯನಿಧಿಯಲ್ಲಿ ಮಾಲಿಕರು ಸಲ್ಲಿಸಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದೆಂಬ ನಿಯಮವನ್ನು ಕೇಂದ್ರ ಸರಕಾರವು ತಂದಾಗ, 2016ರ ಏಪ್ರಿಲ್ 18 ಮತ್ತು 19ರಂದು ಇವರು ಸಾವಿರಾರು ಮಂದಿ ಹೊಸೂರು ರಸ್ತೆಯನ್ನೂ ತುಮಕೂರು ರಸ್ತೆಯನ್ನೂ ಕಟ್ಟಿ ನಿಂತರು. ಕಾರ್ಮಿಕ ಸಂಘಗಳ ಕರೆಯಿಂದ ಹೊರಟುದಲ್ಲ ಅದು. ಲಾಠಿಯೂ ಬೀಸಿತು, ಬಸ್ಸುಗಳೂ ಸುಟ್ಟವು, ಅದನ್ನು ನಾವು ಒಪ್ಪೆವು. ಎರಡನೆಯ ದಿನವೇ ನಿಯಮವು ಹಿಂದಕ್ಕೆ ಹೋಯಿತು. ಪಕ್ಕಪಕ್ಕದಲ್ಲಿ ಕುಳಿತು ಹೊಲಿಯುವ ಸಾಲೇ ಇವರ ಜಗಲಿಯಾಗಿದ್ದಿತು.

ನಮ್ಮ ಹಿಂದಿನ ವಿದ್ಯಾರ್ಥಿನಿಯರಲ್ಲಿ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ದುಡಿಯುವವರಿಗೂ ಅವರ ತಂದೆತಾಯಿಗಳಿಗೂ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳತಕ್ಕದ್ದಿದೆ. ಜಾಲತಾಣದ ಬರಹವನ್ನು ಲಕ್ಷ ಮಂದಿ ಓದಿದರೂ ಅದು ಕಾಯಿದೆಯ ಕಣ್ಣಿನಲ್ಲಿ ದೂರಲ್ಲ. 2013ರ ಕಾಯಿದೆಯ ಮೇರೆಗೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿಯೊಂದು ಕಡೆಯಲ್ಲಿಯೂ ಆಂತರಿಕ ಸಮಿತಿಯಿರಬೇಕು; ಅದರ ಅಧ್ಯಕ್ಷತೆ ಸ್ತ್ರೀಯದು, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಸ್ತ್ರೀಯರು, ಹೊರಗಿನವರೊಬ್ಬರು. ಅದಕ್ಕಿಂತ ಸಣ್ಣ ಕಡೆಗಳಲ್ಲಿ ದುಡಿಯುವವರಿಗೆ ಜಿಲ್ಲೆಯ ಸ್ಥಳೀಯ ಸಮಿತಿಯುಂಟು. ಸಂಸ್ಥೆಯು ಒದಗಿಸಿದ ಕ್ಯಾಬಿನೊಳಗೆ ನಡೆದುದೂ ಕೆಲಸದ ಸ್ಥಳದಲ್ಲಿ ನಡೆದುದೆಂದೇ ಲೆಕ್ಕ. ದೂರನ್ನು ಮೂರು ತಿಂಗಳೊಳಗೆ ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿಯು ಇನ್ನು ಮೂರು ತಿಂಗಳ ಅವಕಾಶ ಕೊಡಬಹುದು. ಹುಡುಗಿಯು ಮನೆಯಲ್ಲಿ ಬಾಯಿ ತೆರೆದಾಗ ‘ಅಷ್ಟು ಹೊತ್ತಿನಲ್ಲಿ ಅಲ್ಲೇಕಿದ್ದೆ?’ ಎಂದು ಹಿರಿಯರು ಕೇಳಿದರೆ ಆ ತಿಂಗಳುಗಳು ಮೌನದಲ್ಲಿಯೇ ಕಳೆದುಹೋಗುವುವು. ಬರೆಯಲು ಬಾರದವಳಿಗೆ ದೂರನ್ನು ಬರಹಕ್ಕಿಳಿಸಲು ನೆರವಾಗುವುದು ಆ ಸಮಿತಿಯದೇ ಕರ್ತವ್ಯ. ಗಾರ್ಮೆಂಟ್ಸಿನ ಹೆಂಗಸಿಗೂ ಇದು ಸಲ್ಲುವುದು.