ಅಳತೆ ಕೂತು ಕೊಡಿ

ಬೇಸಿಗೆ ಬಂತೆಂದರೆ ಅರಸೀಕೆರೆಯಲ್ಲಿ ಬೈಕ್ ರ‍್ಯಾಲಿಗಳ ಕಾಲವೂ ಬಂತು. ಏಪ್ರಿಲ್ 14ಕ್ಕೆ ಅಂಬೇಡ್ಕರ್ ಜಯಂತಿ, ಅದಾದ ಮೇಲೆ ಬಸವ ಜಯಂತಿ, ಚುನಾವಣೆ ಇದ್ದ ವರ್ಷ ಮತದಾನ ಜಾಗೃತಿಯ ಜಾಥಾ. ಇವು ಯಾವುದೂ ಇಲ್ಲದ ಭಾನುವಾರ ಹಳೇಬೀಡು, ಬೇಲೂರು ನೋಡಿಕೊಂಡು ಬರೋಣವೆಂದು ಹೊರಡುವ ಗೆಳೆಯರ ಗುಂಪು. ನೀವು ಸಭೆ ಸೇರಿದ ಕೂಡಲೇ ಮೊದಲು ಮಾತಾಡುವುದು ಟೀ ಶರ್ಟಿನ ಬಣ್ಣದ ಬಗ್ಗೆ. ಆಮೇಲೆ ಶಲ್ಯ, ಆಮೇಲೆ ಪೇಟ. ಪೆಟ್ರೋಲಿನ ಮಾತು ಕೊನೆಗೆ.

ಅದರಲ್ಲಿ ತಪ್ಪೇನೂ ಇಲ್ಲ ಮಕ್ಕಳೇ. ಈ ವಯಸ್ಸಿನಲ್ಲಿ ನೀವು ಅಲಂಕಾರ ಮಾಡಿಕೊಳ್ಳದೆ ನಾನು ಮಾಡಿಕೊಳ್ಳಲಾ? ಕತ್ತರಿ, ಟೇಪು ಹಿಡಿದು ಬದುಕಿದವನು ನಾನು. ಚೆಂದ ಕಾಣಬೇಡಿ ಎಂದು ಹೇಳಿದ್ದರೆ ಅಂಗಡಿಗೆ ಎಂದೋ ಬೀಗ ಬೀಳುತ್ತಿತ್ತು. ಆದರೆ ಒಂದು ಮಾತು ಕೇಳಿ. ಕನ್ನಡಿ ಮುಂದೆ ನಿಂತಾಗ ಒಪ್ಪಿದ ಬಟ್ಟೆ ಬೈಕಿನ ಮೇಲೆ ಕೂತಾಗಲೂ ಒಪ್ಪಬೇಕೆಂದೇನಿಲ್ಲ. ಸವಾರ ಬಟ್ಟೆಗೆ ಅಳತೆ ಕೊಡಬೇಕಾದ್ದು ಕೂತು. ಹಾಗೆ ಹೊಲಿದದ್ದು ನೋಡಲೂ ಚೆಂದ, ಮೈಯನ್ನೂ ಕಾಯುತ್ತದೆ.

ಬೇಕಾದರೆ ಈಗಲೇ ಹ್ಯಾಂಡಲ್ ಹಿಡಿದವರಂತೆ ಕೈ ಚಾಚಿ ಕುರ್ಚಿಯ ಮೇಲೆ ಕೂತು ನೋಡಿ. ಅಂಗಿಯ ತೋಳು ಮಣಿಕಟ್ಟು ಬಿಟ್ಟು ಮೇಲೇರುತ್ತದೆ. ಬೆನ್ನಿನ ಕಡೆ ಶರ್ಟು ಎದ್ದು ಸೊಂಟ ಬಯಲಾಗುತ್ತದೆ. ಪ್ಯಾಂಟಿನ ಕಾಲು ಮೇಲೆ ಸರಿದು ಗಿಣ್ಣು ಕಾಣುತ್ತದೆ. ಬಿಸಿಲು ಚುರುಗುಟ್ಟಿಸುವುದೂ, ಬಿದ್ದರೆ ಟಾರು ಕೆರೆಯುವುದೂ ಇಂಥ ಬಯಲಾದ ಜಾಗಗಳನ್ನೇ. ಹಾಗಾಗಿ ತೋಳು ಎರಡು ಇಂಚು ಉದ್ದ ಇರಲಿ, ಬೆನ್ನಿನ ಪಾಲು ಮುಂದಿನ ಪಾಲಿಗಿಂತ ಇಳಿದಿರಲಿ, ಪ್ಯಾಂಟು ಬೂಟಿನ ಮೇಲೆ ಕೂರುವಷ್ಟು ಉದ್ದವಿರಲಿ. ಎದೆ, ತೋಳುಗಳಲ್ಲಿ ಗಾಳಿಯಾಡುವಷ್ಟು ಸಡಿಲ ಸಾಕು. ಅದಕ್ಕಿಂತ ಹೆಚ್ಚಾದರೆ ಗಾಳಿ ತುಂಬಿ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತದೆ. ಅರ್ಧ ದಾರಿಗೆ ಭುಜ ಸೋತುಹೋಗುತ್ತದೆ.

ನಮ್ಮ ದಾರಿಯನ್ನೇ ತೆಗೆದುಕೊಳ್ಳಿ. ಅರಸೀಕೆರೆ ಬಿಟ್ಟು ಬಾಣಾವರ, ಜಾವಗಲ್ ದಾಟಿ ಹಳೇಬೀಡು, ಅಲ್ಲಿಂದ ಬೇಲೂರು: ಎಲ್ಲ ಸೇರಿ ಅರವತ್ತು ಕಿಲೋಮೀಟರ್ ಆಸುಪಾಸು. ಅಷ್ಟರಲ್ಲೇ ಹವೆ ಎರಡು ಮೂರು ಸಲ ಬದಲಾಗುತ್ತದೆ. ಈ ಕಡೆ ತೆಂಗಿನ ತೋಟ, ಹೊಲ, ಒಣ ಬಿಸಿಲು, ಕೆಂಪು ಧೂಳು. ಬೇಲೂರು ಮಲೆನಾಡಿನ ಸೆರಗು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದವರೆಗೆ ನೆತ್ತಿ ಸುಡುವ ಬಿಸಿಲಿದ್ದು, ಮೂರು ಗಂಟೆ ಕಳೆದ ಮೇಲೆ ಮೋಡ ಕಟ್ಟಿ ಗುಡುಗು, ಆಲಿಕಲ್ಲು ಸುರಿದರೂ ಆಶ್ಚರ್ಯವಿಲ್ಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ ಹಿರಿಯರು. ರೈತನಿಗೆ ಅದು ಸರಿ. ಬರಿ ಟೀ ಶರ್ಟಿನಲ್ಲಿ ಬಂದ ಸವಾರನಿಗೆ ಮಾತ್ರ ನಡುಕ. ಸೀಟಿನ ಹಿಂದೆ ರೇನ್‌ಕೋಟು, ಪ್ಯಾಂಟು ಎರಡೂ ಇರಲಿ. ಮೊದಲ ಹನಿಗೆ ಧೂಳು, ಎಣ್ಣೆ ಬೆರೆತು ರಸ್ತೆ ಜಾರುತ್ತದೆ. ಬೈಕು ನಿಲ್ಲಿಸಿ, ರೇನ್‌ಕೋಟು ಹಾಕಿಕೊಂಡು, ಕಾಲು ಗಂಟೆ ತಡೆದು ಹೊರಡಿ.

ಈಗ ತಲೆಯ ವಿಚಾರ. ರ‍್ಯಾಲಿಯೆಂದರೆ ಪೇಟ ಸುತ್ತಿಕೊಳ್ಳುವ ಖಯಾಲಿ ನಿಮಗಿದೆ. ಪೇಟ ನಮ್ಮ ಹೆಮ್ಮೆಯೇ, ಆದರೆ ಅದರ ಜಾಗ ವೇದಿಕೆ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಪೇಟ ಧರಿಸಿದ ಸಿಖ್ಖರಿಗೆ ಹೆಲ್ಮೆಟ್‌ನಿಂದ ವಿನಾಯಿತಿ ಕೊಟ್ಟಿದೆ; ಮೆರವಣಿಗೆಯ ಪೇಟಕ್ಕೆ ಕೊಟ್ಟಿಲ್ಲ. ಹಿಂದೆ ಕೂತವರಿಗೂ ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದ ಹೆಲ್ಮೆಟ್ ಕಡ್ಡಾಯ. ಪೇಟವನ್ನು ಮಡಿಕೆ ಕೆಡದಂತೆ ಚೀಲದಲ್ಲಿ ಇಟ್ಟುಕೊಳ್ಳಿ. ಸಭೆಯ ಜಾಗ ತಲುಪಿ, ಬೈಕ್ ಸ್ಟ್ಯಾಂಡ್ ಹಾಕಿದ ಮೇಲೆ ಸುತ್ತಿಕೊಳ್ಳಿ. ಫೋಟೋ ಹೇಗೂ ಅಲ್ಲೇ ತೆಗೆಯುವುದು.

ಈ ಹೆಲ್ಮೆಟ್‌ನ ಹಿಂದೆ ಒಂದು ಸಾವಿನ ಕಥೆ ಇದೆ. ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಜಗತ್ತು ಕರೆದ ಟಿ. ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಬರಿ ತಲೆಯಲ್ಲಿ ಬೈಕಿನಿಂದ ಬಿದ್ದ. ಆರು ದಿನಕ್ಕೆ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ಮೆದುಳು ಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಅಲ್ಲಿಂದ ಮುಂದೆ ಬೈಕ್ ಸವಾರರ ತಲೆಪೆಟ್ಟುಗಳ ಬೆನ್ನು ಹತ್ತಿದರು. ಹೆಲ್ಮೆಟ್ ಜೀವ ಉಳಿಸುತ್ತದೆಂದು 1941ರಲ್ಲಿ ಬರೆದು ತೋರಿಸಿದರು. ಬ್ರಿಟಿಷ್ ಸೇನೆಯ ಸವಾರರ ತಲೆಗೆ ಹೆಲ್ಮೆಟ್ ಕಡ್ಡಾಯವಾಗಿ ಬಂದದ್ದು ಆಮೇಲೆ.

ಕೊಳ್ಳುವಾಗ ಐಎಸ್ 4151 ಎಂಬ ಸಂಖ್ಯೆಯೂ ಐಎಸ್‌ಐ ಗುರುತೂ ಇದೆಯೇ ನೋಡಿ. 2021ರ ಜೂನ್ 1ರಿಂದ ಆ ಗುರುತಿಲ್ಲದ್ದನ್ನು ಮಾರುವಂತೆಯೇ ಇಲ್ಲ. ಗದ್ದ ಮುಚ್ಚುವ ಫುಲ್ ಫೇಸ್ ಇರಲಿ. ಟೋಪಿಯಂತೆ ನೆತ್ತಿಗೆ ಮಾತ್ರ ಕೂರುವ ಅರ್ಧ ಹೆಲ್ಮೆಟ್ ಪೊಲೀಸರಿಗೆ ತೋರಿಸಲು ಆದೀತು, ಹಲ್ಲು ಉಳಿಸಲು ಆಗದು. ಗಾಳಿಕಂಡಿ ಇರುವುದನ್ನು ಆರಿಸಿ, ಒಳಗೆ ತೆಳುವಾದ ಹತ್ತಿಯ ಟೋಪಿ ಹಾಕಿ. ಬೆವರು ಕಣ್ಣಿಗಿಳಿಯುವುದಿಲ್ಲ, ಕೂದಲೂ ಕೆಡುವುದಿಲ್ಲ. ಗಾಜು ತಿಳಿಯಾಗಿರಲಿ. ಕಪ್ಪು ಗಾಜಿನಲ್ಲಿ ಹೊರಟವರು ಬೇಲೂರಿನಿಂದ ಹಿಂದಿರುಗುವಾಗ ಸಂಜೆಗತ್ತಲಲ್ಲಿ ಅದನ್ನು ಎತ್ತಲೇಬೇಕು, ಆಗ ಹುಳ ನೇರ ಕಣ್ಣಿಗೇ.

ತಲೆ ಆಯಿತು, ಇನ್ನು ಕತ್ತು. ರ‍್ಯಾಲಿಯ ಶಲ್ಯ ಬೆನ್ನ ಹಿಂದೆ ಹಾರುತ್ತಿದ್ದರೆ ನೋಡುವವರಿಗೆ ವೀರನಂತೆ ಕಾಣುತ್ತೀರಿ, ನಿಜ. ಆದರೆ ಅದರ ತುದಿ ಹಿಂದಿನ ಚಕ್ರಕ್ಕೋ, ಪಕ್ಕದ ಬೈಕಿನ ಹ್ಯಾಂಡಲ್ಲಿಗೋ ಸಿಕ್ಕಿದರೆ ಅದೇ ಉರುಳು. ಶಲ್ಯ ಬೇಕೇ ಬೇಕೆಂದರೆ ಒಂದು ಸುತ್ತು ಸುತ್ತಿ, ಎರಡೂ ತುದಿಗಳನ್ನು ಜಾಕೆಟ್ಟಿನೊಳಗೆ ತೂರಿಸಿ ಜಿಪ್ ಎಳೆಯಿರಿ. ಬಣ್ಣವೂ ಕಾಣುತ್ತದೆ, ಕತ್ತೂ ಸುಡುವುದಿಲ್ಲ. ಹೊಲಕ್ಕೆ ಹೋಗುವ ನಮ್ಮ ಜನರ ಹೆಗಲ ಟವೆಲ್ಲನ್ನು ಒದ್ದೆ ಮಾಡಿ ಹಿಂಡಿ ಇದೇ ರೀತಿ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು.

‘ಈ ಸೆಕೆಯಲ್ಲಿ ಜಾಕೆಟ್ಟಾ ತಾತ?’ ಎಂದು ಕೇಳುತ್ತೀರಿ. ಹೌದು ಕಣ್ರಪ್ಪಾ, ಈ ಸೆಕೆಗೇ. ಗಾಳಿಯೇ ಮೈಗಿಂತ ಬಿಸಿಯಿದ್ದಾಗ ಬರಿಮೈಗೆ ಬಡಿಯುವ ಗಾಳಿ ತಂಪು ಮಾಡುವುದಿಲ್ಲ, ಬೆವರನ್ನು ಗಬಕ್ಕನೆ ಒಣಗಿಸಿ ಮೈಯ ನೀರನ್ನು ಖಾಲಿ ಮಾಡುತ್ತದೆ. ಜಾಲರಿ ಬಟ್ಟೆಯ ಮೆಶ್ ಜಾಕೆಟ್ ಬಿಸಿಲು ತಡೆದು ಗಾಳಿಯನ್ನು ಒಳಗೆ ಬಿಡುತ್ತದೆ. ಒಳಗಿನ ಹತ್ತಿ ಬನಿಯನ್ನು ನೀರಿನಲ್ಲಿ ಅದ್ದಿ ಹಿಂಡಿ ತೊಟ್ಟರೆ ಜಾವಗಲ್ ತನಕ ತಂಪಿಗೆ ಕೊರತೆಯಿಲ್ಲ. ಅಲ್ಲಿ ಎಳನೀರು ಕುಡಿದು, ಬನಿಯನ್ನು ಇನ್ನೊಮ್ಮೆ ಅದ್ದಿಕೊಳ್ಳಿ. 2015ರಲ್ಲಿ ಡಕಾರ್ ರ‍್ಯಾಲಿಯನ್ನು ಮುಗಿಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ. ಎಸ್. ಸಂತೋಷ್. ಮರುಭೂಮಿಯ ಆ ಬಿಸಿಲಲ್ಲೂ ಸ್ಪರ್ಧಿಗಳು ಅಡಿಯಿಂದ ಮುಡಿಯವರೆಗೆ ಮುಚ್ಚಿಕೊಂಡೇ ಓಡಿಸುತ್ತಾರೆ. ಅವರಿಗೇನು ಸೆಕೆಯಿಲ್ಲವೇ?

ಜಾಕೆಟ್ಟಿನ ಭುಜ, ಮೊಣಕೈ, ಬೆನ್ನಿನಲ್ಲಿ ಪ್ಯಾಡ್ ಇರಬೇಕು. ಚೀಟಿಯಲ್ಲಿ ಇಎನ್ 1621 ಎಂದಿದ್ದರೆ ಆ ಪ್ಯಾಡು ಪರೀಕ್ಷೆ ದಾಟಿ ಬಂದದ್ದು. ಹೊಸ ಜಾಕೆಟ್ಟಿಗೆ ದುಡ್ಡು ಸಾಲದಿದ್ದರೆ ದಪ್ಪ ಕಾಕಿ ಡ್ರಿಲ್‌ನಲ್ಲಿ ತುಂಬುತೋಳಿನ ಅಂಗಿ ಹೊಲಿಸಿ. ಮೊಣಕೈ, ಭುಜದ ಒಳಗೆ ಅಸ್ತರ್ ಕೊಟ್ಟು ಜೇಬು ಮಾಡಿಸಿ, ಪ್ಯಾಡ್ ಬಿಡಿಯಾಗಿ ಕೊಂಡು ಕೂರಿಸಿ. ಜೇಬು ಬಿಗಿಯಾಗಿರಲಿ, ಸಡಿಲವಾದರೆ ಬಿದ್ದ ಹೊತ್ತಿಗೆ ಪ್ಯಾಡ್ ಪಕ್ಕಕ್ಕೆ ಸರಿದಿರುತ್ತದೆ. ಎಲ್ಲ ಕಡೆ ಡಬಲ್ ಹೊಲಿಗೆ ಹಾಕಿಸಿ. ಟಾರಿನ ಮೇಲೆ ಉಜ್ಜಿದಾಗ ಎಷ್ಟೋ ಸಲ ಬಟ್ಟೆಗಿಂತ ಮೊದಲು ಬಿಡುವುದು ಹೊಲಿಗೆ. ಕಂಪನಿ ಜಾಕೆಟ್ಟಿಗೆ ಇದು ಸಮವಲ್ಲ, ಆದರೆ ತೋಳಿಲ್ಲದ ಟೀ ಶರ್ಟಿಗಿಂತ ಎಷ್ಟೋ ಮೇಲು.

ಬಣ್ಣದ ಬಗ್ಗೆ ನೀವು ಜಗಳವಾಡುತ್ತೀರಲ್ಲ, ಅದಕ್ಕೂ ಒಂದು ಲೆಕ್ಕ ಹೇಳುತ್ತೇನೆ. ನ್ಯೂಜಿಲೆಂಡಿನ ಆಕ್ಲೆಂಡ್ ಸೀಮೆಯ ಸವಾರರ ಮೇಲೆ ನಡೆದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಬೆಳಕಿಗೆ ಹೊಳೆಯುವ ಬಟ್ಟೆ ತೊಟ್ಟವರಿಗೆ ಅಪಘಾತದಲ್ಲಿ ಗಾಯವಾಗುವ ಅಪಾಯ ಶೇ 37ರಷ್ಟು ಕಡಿಮೆ ಇತ್ತು. ಕಪ್ಪು ಹೆಲ್ಮೆಟ್‌ಗೆ ಹೋಲಿಸಿದರೆ ಬಿಳಿ ಹೆಲ್ಮೆಟ್‌ನವರಿಗೆ ಶೇ 24ರಷ್ಟು ಕಡಿಮೆ. ಕಪ್ಪು ಬಣ್ಣ ಬಿಸಿಲನ್ನು ಹೀರುತ್ತದೆ, ಎದುರಿನ ಲಾರಿಯವನ ಕಣ್ಣಿಗೆ ಬೀಳುವುದೂ ಇಲ್ಲ. ಬಿಳಿ ನಮ್ಮ ಕೆಮ್ಮಣ್ಣಿನ ಧೂಳಿಗೆ ಹಳೇಬೀಡು ಮುಟ್ಟುವಷ್ಟರಲ್ಲಿ ಕೆಂಪಾಗುತ್ತದೆ. ಹೆಲ್ಮೆಟ್ ಬಿಳಿ ಇರಲಿ, ಒರೆಸಬಹುದು. ಅಂಗಿಗೆ ಹಳದಿ, ಕಿತ್ತಳೆ, ಗಿಳಿಹಸಿರು ಒಳ್ಳೆಯದು. ಬೆನ್ನಿಗೂ ತೋಳಿಗೂ ಹೊಳೆಯುವ ಪಟ್ಟಿ ಹೊಲಿಸಿ. ಅದು ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಸಂಘದ ಹೆಸರಿನ ಕೆಳಗೆ ಅಂಚಿನಂತೆ ಕೂರಿಸಿದರೆ ಅಲಂಕಾರವೂ ಅದೇ.

ಕಾಲಿಗೆ ಹವಾಯಿ ಚಪ್ಪಲಿ ಬೇಡವೇ ಬೇಡ. ನಿಮ್ಮಲ್ಲಿ ಕೆಲವರು ಅಪ್ಪನ ಕಾಲದ ಜಾವಾ, ಯೆಜ್ಡಿ ಸರಿಮಾಡಿಸಿಕೊಂಡು ರ‍್ಯಾಲಿಗೆ ತರುತ್ತೀರಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದರೂ ಆ ಬೈಕಿನ ಕಿಕ್ಕರ್ ಇನ್ನೂ ಚಪ್ಪಲಿ ಕಾಲನ್ನು ಕ್ಷಮಿಸುವುದಿಲ್ಲ. ಎರಡೂ ಕಡೆ ಸೈಲೆನ್ಸರ್ ಬೇರೆ, ಚಡ್ಡಿ ಹಾಕಿದವರ ಮೀನಖಂಡಕ್ಕೆ ಬರೆ ಗ್ಯಾರಂಟಿ. ಗಿಣ್ಣು ಮುಚ್ಚುವ ಬೂಟು, ಲೇಸು ಒಳಗೆ ತೂರಿಸಿರಲಿ. ಕೈಗೆ ಅಂಗೈಯಲ್ಲಿ ಚರ್ಮವಿರುವ ಗ್ಲೌಸು. ಬೀಳುವಾಗ ಯಾರೇ ಆಗಲಿ ಮೊದಲು ಊರುವುದು ಅಂಗೈಯನ್ನೇ.

ದೇವಸ್ಥಾನಕ್ಕೆ ಹೋಗುವ ರ‍್ಯಾಲಿಗೆ ಇನ್ನೊಂದು ಸಿದ್ಧತೆ ಬೇಕು. ಬೇಲೂರಿನಲ್ಲಿ ಮಹಾದ್ವಾರದ ಹೊರಗೇ ಪಾದರಕ್ಷೆ ಬಿಡಬೇಕು. ಒಳಗಿನ ಅಂಗಳವೆಲ್ಲ ಕಲ್ಲುಹಾಸು, ಮಟಮಟ ಮಧ್ಯಾಹ್ನ ಅದರ ಮೇಲೆ ಬರಿಗಾಲಲ್ಲಿ ನಡೆಯುವವರು ಕುಣಿಯುತ್ತಲೇ ನಡೆಯುತ್ತಾರೆ. ಚೀಲದಲ್ಲಿ ಒಂದು ಜೊತೆ ದಪ್ಪ ಹತ್ತಿಯ ಕಾಲುಚೀಲ ಇರಲಿ. ಜಾಕೆಟ್ ಬಿಚ್ಚಿದಾಗ ಬೆವರಿನ ಬನಿಯನ್ ಕಾಣದಂತೆ ತೆಳು ಖಾದಿ ಅಂಗಿಯೊಂದನ್ನು ಮಡಿಸಿ ಇಟ್ಟುಕೊಳ್ಳಿ. ಬೈಕಿಗೆ ಜಾಕೆಟ್, ಗುಡಿಗೆ ಖಾದಿ.

ಒಳಗೆ ಹೋದ ಮೇಲೆ ಸೆಲ್ಫಿ ಮುಗಿಸಿ ಒಂದು ಕ್ಷಣ ಮದನಿಕೆಯರನ್ನು ನೋಡಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ಒಳಗೂ ಹೊರಗೂ ಸೇರಿ 42 ಮದನಿಕೆಯರು. ಕನ್ನಡಿ ಹಿಡಿದ ದರ್ಪಣ ಸುಂದರಿಯ ಮುಂದೆ ಎಲ್ಲರೂ ನಿಲ್ಲುತ್ತಾರೆ. ದರ್ಜಿಯ ಕಣ್ಣಿಗೆ ಬೇರೆಯೇ ಕಾಣುತ್ತದೆ. ಸೊಂಟ ಬಾಗಿದ ಕಡೆಗೆ ಡಾಬು ಬಾಗಿದೆ, ಎದೆ ಓರೆಯಾದ ಕಡೆಗೆ ಹಾರ ಇಳಿದಿದೆ. ಭಂಗಿ ಮೊದಲು, ಒಡವೆ ಅದರ ಹಿಂದೆ. ಮೃದುವಾದ ಬಳಪದ ಕಲ್ಲಾದ್ದರಿಂದ ಇಷ್ಟು ಸೂಕ್ಷ್ಮ ಸಾಧ್ಯವಾಯಿತು ಅನ್ನುತ್ತಾರೆ. ಕಲ್ಲು ಮೃದುವಾದರೆ ಸಾಕೇ, ಅಳತೆ ಗೊತ್ತಿರಬೇಡವೇ? ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯ ಪಟ್ಟಿಕೆಗಳಲ್ಲಿ ಆನೆ, ಸಿಂಹ, ಬಳ್ಳಿಗಳ ಮೇಲಿನ ಸಾಲು ಕುದುರೆ ಸವಾರರದ್ದು. ಅವರನ್ನೂ ನೋಡಿ ಬನ್ನಿ. ಸವಾರಿಯ ಸೊಗಸು ಈ ಸೀಮೆಗೆ ಹೊಸತಲ್ಲ.

ಹೆಣ್ಣುಮಕ್ಕಳಿಗೆ ಬೇರೆ ನೀತಿಯೇನಿಲ್ಲ, ಇದೇ ಹೆಲ್ಮೆಟ್, ಇದೇ ಜಾಕೆಟ್. 2019ರಲ್ಲಿ ಬಾಹಾ ರ‍್ಯಾಲಿಗಳ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ತೊಡುವುದೂ ಇದನ್ನೇ. ದುಪಟ್ಟಾ ಚೀಲದಲ್ಲಿರಲಿ. ಜಡೆಯನ್ನು ಜಾಕೆಟ್ಟಿನೊಳಗೆ ಬಿಡಿ. ಮಹಿಳಾ ದಿನದ ಜಾಥಾಕ್ಕೆ ಸೀರೆಯೇ ಆಗಬೇಕೆಂದರೆ ಒಳಗೆ ದಪ್ಪ ಲೆಗ್ಗಿಂಗ್ಸ್ ಹಾಕಿ, ಕಚ್ಚೆ ಹಾಕಿ ಉಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪಿನ್ ಹಾಕಿ, ನಿಧಾನ ಹೋಗಿ. ಹಿಂದಿನ ಚಕ್ರಕ್ಕೆ ಬಟ್ಟೆ ಸಿಗದಂತೆ ಕಾಪು ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಅದೇ ನಮ್ಮ ಸೀರೆ ಗಾರ್ಡ್. ಸ್ಟೈಲಿಗೆ ಅಡ್ಡ ಎಂದು ಅದನ್ನು ಬಿಚ್ಚಿಸಿದ ಬೈಕಿನಲ್ಲಿ ಅಮ್ಮನನ್ನೋ ಅಕ್ಕನನ್ನೋ ಕೂರಿಸಬೇಡಿ.

ಸೊಗಸಾಗಿ ಉಟ್ಟು ಬೈಕ್ ಏರುವ ಆಸೆ ನಿಮಗೊಬ್ಬರಿಗೇ ಇಲ್ಲ. ಸೂಟು, ಟೈ, ವೇಸ್ಟ್‌ಕೋಟು ತೊಟ್ಟು ಹಳೇ ಮಾದರಿಯ ಬೈಕುಗಳಲ್ಲಿ ಸಾಗುವ ‘ಡಿಸ್ಟಿಂಗ್ವಿಶ್ಡ್ ಜಂಟಲ್‌ಮನ್ಸ್ ರೈಡ್’ 2012ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಹುಟ್ಟಿ ಬೆಂಗಳೂರಿಗೂ ಬಂದಿದೆ. ಈಗ ನಡೆಯುವುದು ಮೇ ತಿಂಗಳಲ್ಲಿ, ಪುರುಷರ ಆರೋಗ್ಯದ ಕೆಲಸಕ್ಕೆ ದೇಣಿಗೆ ಕೂಡಿಸಲು. ನೀವೂ ಹಾಗೆ ಒಂದು ಉಡುಗೆ ಗೊತ್ತುಮಾಡಿಕೊಳ್ಳಿ. ಖಾದಿಯ ವೇಸ್ಟ್‌ಕೋಟು ಗುಂಡಿ ಹಾಕಿ ಜಾಕೆಟ್ಟಿನ ಮೇಲೆ ತೊಟ್ಟರೆ ನಮ್ಮ ಊರಿನದ್ದೇ ಗತ್ತು.

ರ‍್ಯಾಲಿಯ ಹಿಂದಿನ ಸಂಜೆ ಎಲ್ಲ ತೊಟ್ಟು, ಹೆಲ್ಮೆಟ್ ಸಮೇತ ಬೈಕಿನ ಮೇಲೆ ಹತ್ತು ನಿಮಿಷ ಕೂತು ನೋಡಿ. ಕತ್ತು ಎಡಬಲ ತಿರುಗಬೇಕು, ಬ್ರೇಕಿಗೆ ಕಾಲು ಸಲೀಸಾಗಿ ಹೋಗಬೇಕು, ಎಲ್ಲೂ ತುದಿ ಜೋಲಬಾರದು. ಎಲ್ಲಿ ಹಿಡಿಯುತ್ತದೋ ಅಲ್ಲಿ ಬಿಚ್ಚಿಸಿ ಹೊಲಿಸಿ, ಇನ್ನೂ ರಾತ್ರಿಯಿಡೀ ಸಮಯವಿದೆ.

ಇನ್ನು, ಮುಂದೆ ನಿಂತು ರ‍್ಯಾಲಿ ನಡೆಸುವವರಿಗೆ ಒಂದು ಮಾತು. ಚಂದಾ ಎತ್ತಿ ಎಲ್ಲರಿಗೂ ಟೀ ಶರ್ಟ್ ಹಂಚುತ್ತೀರಿ. ಈ ಸಲ ತುಂಬುತೋಳಿನದ್ದು ಮಾಡಿಸಿ, ಬೆನ್ನಿಗೆ ಹೊಳೆಯುವ ಪಟ್ಟಿ ಹಾಕಿಸಿ. ಹಂಚುವ ಮೇಜಿನ ಮುಂದೆ ಹೆಲ್ಮೆಟ್ ಹಿಡಿದು ಬಂದವರ ಕೈಗೆ ಮಾತ್ರ ಕೊಡಿ. ಹಿಂದೆ ಕೂರುವವರಿಗೂ ಅದೇ ನಿಯಮ. ಮೊದಲ ವರ್ಷ ಗೊಣಗುತ್ತಾರೆ. ಎರಡನೇ ವರ್ಷ ಹೆಲ್ಮೆಟ್ಟಿಗೂ ಸಂಘದ ಬಣ್ಣ ಬಳಿಸಿ ಅಂತ ಅವರೇ ಬಂದು ಕೇಳುತ್ತಾರೆ.